ಕ್ಯಾತಪ್ಪನ ಗಂಜಿಗೋಡೆ

ಕ್ಯಾತಪ್ಪನಿಗೆ ಸಿಟ್ಟು ಬರಲು ಕಾರಣ ಬೇಕೇಬೇಕು ಎಂದೇನೂ ಇರಲಿಲ್ಲ. ಕಾರಣ ಸಿಗದ ದಿನ ಮಗ್ಗದ ಮೇಲೋ, ಕುಳಿತ ಮಣೆಯ ಮೇಲೋ, ಎದುರಿಗೆ ಸುಮ್ಮನೆ ನಿಂತಿದ್ದ ಮಿಡಿಗೇಶಿ ಕೋಟೆಬೆಟ್ಟದ ಮೇಲೋ ಸಿಟ್ಟು ಮಾಡಿಕೊಂಡು ಹೊತ್ತು ಕಳೆಯುತ್ತಿದ್ದ. ಆದರೆ ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಅವನಿಗೆ ಗಟ್ಟಿಯಾದ, ಸರ್ಕಾರಿ ಮೊಹರು ಬಿದ್ದ ಕಾರಣವೇ ಸಿಕ್ಕಿತು. ಅದರ ಹೆಸರು ಸಿಮೆಂಟು.

ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಆಗ ಸಿಮೆಂಟು ದುಡ್ಡು ಕೊಟ್ಟರೆ ಸಿಗುವ ಸಾಮಾನಾಗಿರಲಿಲ್ಲ. ಕಚೇರಿಯವರು ಮನಸ್ಸು ಮಾಡಿ ಪರ್ಮಿಟ್ಟು ಕೊಡಬೇಕಿತ್ತು. ಅರ್ಜಿ ಹಾಕಿದವನ ಮನೆಗೆ ಸಿಮೆಂಟು ಬರುವ ಹೊತ್ತಿಗೆ ಅವನ ತಲೆಯ ಕೂದಲು ಅದೇ ಬಣ್ಣಕ್ಕೆ ತಿರುಗಿರುತ್ತಿತ್ತು. ದೊಡ್ಡವರ ಮನೆಗೆ ಮಾತ್ರ ಅದು ಯಾವ ಅರ್ಜಿಯೂ ಇಲ್ಲದೆ ಲಾರಿ ಹತ್ತಿ ತಾನಾಗಿ ಬಂದಿಳಿಯುತ್ತಿತ್ತು. ಇದನ್ನು ನೆನೆದರೆ ಬರೆಯುವವನಿಗೇ ಮೈ ಉರಿಯುತ್ತದೆ, ಇನ್ನು ಕ್ಯಾತಪ್ಪನ ಪಾಡು ಕೇಳಬೇಕೆ?

ಕ್ಯಾತಪ್ಪ ಕಂಬಳಿ ನೇಯುವವನು. ಊರು ಮಿಡಿಗೇಶಿಗೆ ಕೂಗಳತೆಯಲ್ಲಿದ್ದ ಕರೇಬಂಡೆಹಟ್ಟಿ. ಅವನ ಅಕ್ಕ ನಾಗಕ್ಕ, ಗಂಡ ತೀರಿಕೊಂಡ ಮೇಲೆ, ಅದೇ ಹಟ್ಟಿಯ ತುದಿಯಲ್ಲಿ ತನ್ನದೇ ಒಂದಂಕಣದ ಮನೆಯಲ್ಲಿ ಒಬ್ಬಳೇ ಇದ್ದಳು. ಮನೆಯ ಹಿಂಗೋಡೆಗೆ ಬಂಡೆಯ ಮೇಲಿನ ನೀರು ಬಂದು ಬಡಿಯುತ್ತಿತ್ತು. ಮಣ್ಣಿನ ಗೋಡೆ ಪ್ರತಿ ಮಳೆಗಾಲಕ್ಕೂ ಬೀಳುವುದನ್ನೇ ರೂಢಿ ಮಾಡಿಕೊಂಡಿತ್ತು. ಕೊನೆಯ ಸಲ ಬಿದ್ದಾಗ ಗಾರೆ ಕೆಲಸದವನು ಬಂದು ನೋಡಿ, "ಮಣ್ಣಿಂದ ಆಗಾಕಿಲ್ಲ ಕಣಕ್ಕ. ಸಿಮೆಂಟು ತರ್ಸು, ಆಮ್ಯಾಕೆ ಕರಣೆ ಮುಟ್ತೀನಿ" ಎಂದು ಹೇಳಿ ಹೊರಟುಹೋದ. ನಾಗಕ್ಕ ತನ್ನ ಮಡಕೆ ಕುಡಿಕೆ ಹೊತ್ತುಕೊಂಡು ತಮ್ಮನ ಮನೆಗೆ ಬಂದಳು.

ಕ್ಯಾತಪ್ಪನ ಹೆಂಡತಿ ಗೌರಕ್ಕ ಕೆಟ್ಟವಳಲ್ಲ. ನಾಗಕ್ಕನೂ ಕೆಟ್ಟವಳಲ್ಲ. ಇಬ್ಬರು ಒಳ್ಳೆಯವರು ಒಂದೇ ಒಲೆಯ ಮುಂದೆ ಕುಳಿತರೆ ಏನಾಗುತ್ತದೆ ಎಂಬುದನ್ನು ಕ್ಯಾತಪ್ಪ ದಿನವೂ ಕಂಡ. ಒಬ್ಬಳು ಹಾಕಿದ ಸೌದೆಯನ್ನು ಇನ್ನೊಬ್ಬಳು ಹಿಂದಕ್ಕೆಳೆದಳು. ಒಬ್ಬಳು ಮುಚ್ಚಿದ್ದನ್ನು ಇನ್ನೊಬ್ಬಳು ತೆರೆದಳು. ಮುದ್ದೆ ಬೇಯುವ ಮೊದಲೇ ಮಾತು ಕುದಿಯುತ್ತಿತ್ತು.

"ನನ್ನೊಲೆ ಮುಂದೆ ನಾನು ಕುಂತ್ಕಂಡು ಬರೀ ಅಂಬ್ಲಿ ಕುಡುದ್ರೂ ಸಾಕು ಕಣ್ಲಾ, ಕ್ಯಾತ. ನನ್ನ ಮನೆಗೆ ನನ್ನ ಸೇರಿಸ್ಬುಡು" ಎಂದು ನಾಗಕ್ಕ ಒಂದು ಬೆಳಗ್ಗೆ ಹೇಳಿದಳು. ಅವಳು ಅತ್ತಿರಲಿಲ್ಲ. ಅತ್ತಿದ್ದರೆ ಕ್ಯಾತಪ್ಪ ಗದರಿ ಸುಮ್ಮನಾಗಿಸುತ್ತಿದ್ದ. ನೆಟ್ಟಗೆ ಕೂತು ಹೇಳಿದಳು, ಅದಕ್ಕೇ ಅವನಿಗೆ ಎದೆಯಲ್ಲಿ ಚುಚ್ಚಿತು.

ಕ್ಯಾತಪ್ಪ ಅಕ್ಕನ ಹೆಸರಿನಲ್ಲಿ ಅರ್ಜಿ ಹಾಕಿ, ಮಧುಗಿರಿ ಬಸ್ಸು ಹತ್ತಿ ಪರ್ಮಿಟ್ಟಿನ ಕಚೇರಿಗೆ ಅಲೆದ. ಇವತ್ತು ಸಾಹೇಬರಿಲ್ಲ, ನಾಳೆ ಗುಮಾಸ್ತರಿಲ್ಲ, ಇಬ್ಬರೂ ಇದ್ದ ದಿನ ಸಿಮೆಂಟಿಲ್ಲ. ಕೊನೆಗೆ ಇನ್ಸ್‌ಪೆಕ್ಟರ್ ನಾಗಲಿಂಗಯ್ಯನವರೇ ಎದುರಾದರು. ಅವರು ತೆಳ್ಳಗಿನ ಮೀಸೆಯ, ಅದಕ್ಕಿಂತ ತೆಳ್ಳಗಿನ ತಾಳ್ಮೆಯ ಮನುಷ್ಯ.

"ಸಿಮೆಂಟಿಲ್ಲದೆ ಗೋಡೆ ಕಟ್ಟೋಕೆ ಬರುತ್ತೇನಯ್ಯಾ ನಿನಗೆ?" ಎಂದು ಕೇಳಿದರು.

ಬರುವುದಿಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ನಾಗಕ್ಕ ಇನ್ನೊಂದೆರಡು ವರ್ಷ ತಮ್ಮನ ಮನೆಯಲ್ಲಿ ಕಾಯುತ್ತಿದ್ದಳು. ಕ್ಯಾತಪ್ಪ ಹೆಗಲ ಮೇಲಿನ ಕಂಬಳಿ ಕೊಡವಿ, "ಕಟ್ಟಿ ತೋರಿಸ್ತೀನಿ, ಬುಡಿ ಸಾಮಿ" ಎಂದುಬಿಟ್ಟ. ಹೇಗೆ ಕಟ್ಟುವುದು ಎಂಬುದು ಅವನಿಗೆ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಆಡಿದ ಮಾತಿಗೆ ವಿವರಗಳು ಆಮೇಲೆ ಬರಲಿ ಎಂಬುದು ಅವನ ಪದ್ಧತಿ.

ವಿವರ ಅದೇ ಸಾಯಂಕಾಲ ಬಂತು. ಕಂಬಳಿಯ ಹಾಸುನೂಲಿಗೆ ಬಿಗಿ ಬರಲೆಂದು ಹುಣಸೆ ಬೀಜ ಹುರಿದು, ಬೀಸಿ, ಬೇಯಿಸಿ ಮಾಡಿದ ಗಂಜಿ ಬಳಿಯುವುದು ಅವರ ಮನೆತನದ ಕಸುಬು. ಅಂದು ಗಂಜಿ ಹೆಚ್ಚಾಗಿ ಮೆತ್ತಿಕೊಂಡ ಹಳೆಯ ಕಂಬಳಿಯೊಂದು ಮಡಿಚಿದ ಹಾಗೇ ಒಣಗಿ ಅಂಗಳದಲ್ಲಿ ನಿಂತಿತ್ತು. ಮಲಗಿರಲಿಲ್ಲ, ನಿಂತಿತ್ತು. ಕಚೇರಿಯಿಂದ ಉರಿದುಕೊಂಡು ಬಂದ ಕ್ಯಾತಪ್ಪ ದಾರಿಗೆ ಅಡ್ಡವಾದ ಅದನ್ನು ಝಾಡಿಸಿ ಒದ್ದ. ಕಂಬಳಿಗೆ ಏನೂ ಆಗಲಿಲ್ಲ. ಅವನ ಹೆಬ್ಬೆರಳು ಊದಿಕೊಂಡಿತು. ಕ್ಯಾತಪ್ಪ ಕಾಲು ಹಿಡಿದುಕೊಂಡು ಕುಳಿತು ಕಂಬಳಿಯನ್ನೇ ನೋಡಿದ. ಹೀಗೆ ಒದೆಸಿಕೊಂಡೂ ಬೀಳದ ವಸ್ತುವಿಗೆ ಸರ್ಕಾರದ ಪರ್ಮಿಟ್ಟು ಯಾಕೆ ಬೇಕು?

ಮರುದಿನದಿಂದ ಅವನ ಮನೆ ಮನೆಯಾಗಿ ಉಳಿಯಲಿಲ್ಲ. ಐ.ಡಿ.ಹಳ್ಳಿಯ ಗಾಣದಿಂದ ಕಡಲೆಕಾಯಿ ಸಿಪ್ಪೆಯನ್ನು ಗಾಡಿಗಟ್ಟಲೆ ತಂದು ಸುರಿದ. ಬೇಲಿಯ ಕತ್ತಾಳೆ ಕಡಿದು, ಕೊಳೆಹಾಕಿ, ನಾರು ತೆಗೆದ. ಗೆದ್ದಲು ಹಿಡಿಯದಿರಲೆಂದು ಒಲೆಯ ಬೂದಿ ಕಲಸಿದ. ಹುಣಸೆಹಣ್ಣಿಗೆ ಹುಳ ಬೀಳದಂತೆ ಉಪ್ಪು ಹಾಕಿಡುವುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಹಣ್ಣಿಗೆ ಹಾಕಿದ ಮೇಲೆ ಬೀಜಕ್ಕೂ ಹಾಕಬೇಕಾದ್ದು ನ್ಯಾಯ ಎಂದು ಕ್ಯಾತಪ್ಪ ಗಂಜಿಗೆ ಕೈತುಂಬ ಕಲ್ಲುಪ್ಪನ್ನೂ ಸುರಿದ. ಗೌರಕ್ಕನೂ ನಾಗಕ್ಕನೂ ಎದುರುಬದುರು ಕೂತು ಬೀಸಿದರು, ಬೈದಾಡಿಕೊಂಡೇ ಬೀಸಿದರು. ಬೈಗುಳ ಜೋರಾದಷ್ಟೂ ಹಿಟ್ಟು ನುಣ್ಣಗೆ ಬಿತ್ತು.

ಮರದ ಪೆಟ್ಟಿಗೆಯಲ್ಲಿ ತುಳಿದು, ಬಂಡೆಯ ಮೇಲೆ ಬಿಸಿಲಿಗೆ ಒಣಗಿಸಿ, ಇಟ್ಟಿಗೆ ಮಾಡಿ, ಅದೇ ಗಂಜಿಯಲ್ಲಿ ಕೂಡಿಸಿ ಗೋಡೆ ಎಬ್ಬಿಸಿದ. ಮೇಲೆ ಗಂಜಿಯದೇ ಗಿಲಾವು, ಅದರ ಮೇಲೆ ಹರಳೆಣ್ಣೆ. ಬೂದಿಯ ದೆಸೆಯಿಂದ ಗೋಡೆಗೆ ಸಾಕ್ಷಾತ್ ಸಿಮೆಂಟಿನ ಬಣ್ಣ ಬಂತು. ಎಣ್ಣೆಯ ದೆಸೆಯಿಂದ ಸಿಮೆಂಟಿಗೂ ಇಲ್ಲದ ಹೊಳಪು ಬಂತು. ಮೊದಲ ಹದಮಳೆ ಬಂದು ಬಂಡೆಯ ನೀರು ಧೋ ಎಂದು ಬಡಿದಾಗ ಗೋಡೆ ಅಲ್ಲಾಡಲಿಲ್ಲ. ನಾಗಕ್ಕ ಮಡಕೆಗಳನ್ನು ಹೊತ್ತು ತನ್ನ ಮನೆಗೆ ಹೋದಳು. ಅಂದು ಕ್ಯಾತಪ್ಪನಿಗೆ ಇಡೀ ದಿನ ಸಿಟ್ಟು ಬರಲಿಲ್ಲ ಎಂದು ಗೌರಕ್ಕ ಹೇಳುತ್ತಾಳೆ. ಅವಳ ಮಾತನ್ನು ನಾವು ನಂಬಬೇಕು.

ಕೆಟ್ಟಿದ್ದು ಆ ಸಂತೋಷದಿಂದಲೇ. ಸಿಪ್ಪೆ ಒಲೆಗೆ, ಗಂಜಿ ಕಂಬಳಿಗೆ ಎಂದುಕೊಂಡಿದ್ದ ಹಟ್ಟಿಯವರು ಗೋಡೆ ನೋಡಲು ಬಂದರು. ಪಕ್ಕದ ಮನೆಯ ಬೋರಯ್ಯ ಗೆಣ್ಣಿನಿಂದ ತಟ್ಟಿ ನೋಡಿ, "ಸಿಮೆಂಟು ಎಲ್ಲಿ ಸಿಕ್ತಪ್ಪಾ?" ಎಂದು ಕೇಳಿದ.

ಗಂಜಿ ಎಂಬ ಮಾತು ಕ್ಯಾತಪ್ಪನ ಬಾಯಿತುದಿಗೆ ಬಂದಿತ್ತು. ಆದರೆ ಕಂಬಳಿಯವನು ಗೋಡೆಗೂ ಗಂಜಿ ಮೆತ್ತಿದನಂತೆ ಎಂದು ಇಡೀ ಹೋಬಳಿ ನಗುವುದು ಕಣ್ಣಿಗೆ ಕಟ್ಟಿತು. ಮೀಸೆ ತೀಡಿದ. "ನಮಗೂ ಗೊತ್ತಿರೋರು ಅವ್ರೆ ಕಣಯ್ಯಾ. ಬೆಂಗ್ಳೂರಿಂದ ತರ್ಸಿದ್ದು. ಆರು ಮೂಟೆ ಹಿಡೀತು" ಎಂದ.

ಬೋರಯ್ಯನ ಮುಖ ಕಪ್ಪಿಟ್ಟಿತು. ಅವನ ಬಾವಿಗೆ ಕಟ್ಟೆ ಇರಲಿಲ್ಲ. ಆ ಬಾವಿಗೆ ಅವನ ಎಮ್ಮೆ ಬಿದ್ದು ಸತ್ತಿತ್ತು, ಹೆಂಡತಿ ಒಮ್ಮೆ ಜಾರಿ ಹಗ್ಗ ಹಿಡಿದು ಉಳಿದಿದ್ದಳು. ಎರಡು ವರ್ಷದಿಂದ ನಾಲ್ಕು ಮೂಟೆ ಸಿಮೆಂಟಿಗೆ ಅವನೂ ಅಲೆಯುತ್ತಿದ್ದ. "ನನಗೆ ಇಲ್ಲದ್ದು ಈ ಕಂಬಳಿ ಕ್ಯಾತನಿಗೆ ಹೆಂಗೆ ಸಿಕ್ತು?" ಎಂದು ಹಲ್ಲು ಕಡಿದ. ಅವನ ಸಿಟ್ಟನ್ನು ನಾವು ತಪ್ಪೆನ್ನುವ ಹಾಗಿಲ್ಲ. ಮರುದಿನದ ಮೊದಲ ಬಸ್ಸಿಗೆ ಹೋಗಿ ಕಚೇರಿಯಲ್ಲಿ, "ಕರೇಬಂಡೆಹಟ್ಟೀಲಿ ಕಳ್ಳ ಸಿಮೆಂಟು ಐತೆ ಸಾಮಿ" ಎಂದು ಹೇಳಿ ಬಂದ.

ಪರ್ಮಿಟ್ಟು ಕೊಡಲು ವರ್ಷಗಟ್ಟಲೆ ಅಲುಗಾಡದ ಕಚೇರಿ, ಕಳ್ಳ ಸಿಮೆಂಟು ಎಂದ ಕೂಡಲೆ ಜೀಪಿಗೆ ಪೆಟ್ರೋಲು ಹಾಕಿಸಿತು. ನಾಗಲಿಂಗಯ್ಯನವರು ಇಳಿದು ನೇರವಾಗಿ ಗೋಡೆಯ ಮುಂದೆ ನಿಂತರು. ತಟ್ಟಿದರು, ಕೆರೆದರು, ಹಾರೆಯಿಂದ ಮೊಳ ಅಗಲ ಗಿಲಾವು ಕೀಳಿಸಿ ಒಳಗಿನ ಇಟ್ಟಿಗೆಗೂ ಗುಂಡಿ ಹೊಡೆಸಿದರು.

"ಎಲ್ಲಿ ಕದ್ದೆ?" ಎಂದು ಕ್ಯಾತಪ್ಪನನ್ನು ಕೇಳಿದರು.

"ಕದ್ದಿಲ್ಲ ಬುದ್ಧಿ. ಇದು ಸಿಮೆಂಟೇ ಅಲ್ಲ. ಹುಣಸೆ ಬೀಜದ ಗಂಜಿ. ಒಳಗಿರೋದು ಕಡ್ಲೆಕಾಯಿ ಸಿಪ್ಪೆ, ಕತ್ತಾಳೆ ನಾರು."

ನಾಗಲಿಂಗಯ್ಯನವರ ಮೀಸೆ ನಡುಗಿತು. "ಸರ್ಕಾರಿ ನೌಕರನಿಗೆ ಕಡ್ಲೆಕಾಯಿ ಸಿಪ್ಪೆ ತೋರಿಸ್ತೀಯೇನೋ. ಊರವರೆಲ್ಲ ಹೇಳ್ರಯ್ಯಾ, ಇದು ಏನು?"

ಊರವರು ಸತ್ಯವಂತರು. ಕ್ಯಾತಪ್ಪ ತಮ್ಮ ಕಿವಿಗೇ ಬೀಳುವ ಹಾಗೆ ಹೇಳಿದ್ದನ್ನು ಹೇಳಿದರು. ಬೆಂಗಳೂರಿನ ಸಿಮೆಂಟು, ಆರು ಮೂಟೆ. ಗೌರಕ್ಕ ಮುಂದೆ ಬಂದು ಬೊಬ್ಬೆ ಎದ್ದ ಅಂಗೈ ತೋರಿಸಿ, "ಇದನ್ನ ಬೀಸಿದ್ದು ನಾನು ಕಣ್ರೀ. ಸಿಮೆಂಟನ್ನ ಯಾರಾದ್ರೂ ಬೀಸ್ತಾರಾ?" ಎಂದಳು. ಗಂಡನನ್ನು ಉಳಿಸಲು ಹೆಂಡತಿ ಹೇಳುವ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ನಾಗಲಿಂಗಯ್ಯನವರು ಅವಳಿಗೆ ತಿಳಿಹೇಳಿದರು. "ನಾನು ಅವಳ ಸಂಗ್ಡವೇ ಬೀಸಿದ್ದು" ಎಂದಳು ನಾಗಕ್ಕ. ಮನೆಯ ಯಜಮಾನಿಯೇ ಒಪ್ಪಿಕೊಂಡಳು ಎಂದು ಅವರು ಬರೆಸಿಕೊಂಡರು.

ಆಮೇಲೆ ನಾಗಕ್ಕನನ್ನು ಹೊರಗೆ ನಿಲ್ಲಿಸಿ, ಮಡಕೆಗಳನ್ನು ಅಂಗಳದಲ್ಲಿಡಿಸಿ, ಬಾಗಿಲಿಗೆ ಬೀಗ ಜಡಿದು ಕೆಂಪು ಅರಗಿನ ಸೀಲು ಒತ್ತಿದರು. ಗೋಡೆ ಸರ್ಕಾರದ ವಶ. ಸೀಲು ಒಡೆದವರಿಗೆ ಜೈಲು. ಜೊತೆಗೆ ಇನ್ನೊಂದು ತೀರ್ಮಾನವನ್ನೂ ಕೊಟ್ಟರು. ನಾಗಕ್ಕನ ಮನೆಗೆ ಸಿಮೆಂಟು ಬಂದಿರುವುದು ಸಾಬೀತಾದ್ದರಿಂದ ಅವಳ ಹೆಸರಿನ ಅರ್ಜಿ ವಜಾ.

ನಾಗಕ್ಕ ಅಂಗಳದ ಮಡಕೆಗಳನ್ನು ಒಂದೊಂದಾಗಿ ಎತ್ತಿಕೊಂಡಳು. "ಏನ್ಲಾ ಕ್ಯಾತ, ಒಂದು ಮಾತು ನೆಟ್ಟಗೆ ಹೇಳಕ್ಕೆ ನಿಂಗೇನಾಗಿತ್ಲಾ ರೋಗ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮನ ಮನೆಯ ಕಡೆ ನಡೆದಳು. ಒಲೆಯ ಮುಂದೆ ಮತ್ತೆ ಇಬ್ಬರಾದರು. ಈ ಸಲ ಅವರು ಒಬ್ಬರನ್ನೊಬ್ಬರು ಬೈಯಲಿಲ್ಲ, ಇಬ್ಬರೂ ಸೇರಿ ಕ್ಯಾತಪ್ಪನನ್ನು ಬೈದರು.

ಕ್ಯಾತಪ್ಪ ಗೋಡೆಯ ಹಾಗೇ ಎಣ್ಣೆ ಬಳಿದಿಟ್ಟಿದ್ದ, ಉಳಿದ ಒಂದು ಇಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ. ಕಂಡಕ್ಟರು ಮುಟ್ಟಿ ನೋಡಿ, ಸಿಮೆಂಟು ಸಾಮಾನಿಗೆ ಲಗೇಜು ಎಂದ. ಅಲ್ಲ ಎಂದು ಕ್ಯಾತಪ್ಪ ದಾರಿಯುದ್ದಕ್ಕೂ ಜಗಳವಾಡಿದ. ಇಳಿಯುವ ಹೊತ್ತಿಗೆ ಬಸ್ಸಿನಲ್ಲಿದ್ದವರೆಲ್ಲ ಅವನನ್ನು ಸಿಮೆಂಟು ಸಾಹುಕಾರ ಎಂದು ಕರೆಯುತ್ತಿದ್ದರು.

ಕಚೇರಿಯಲ್ಲಿ ಇಟ್ಟಿಗೆಯನ್ನು ನಾಗಲಿಂಗಯ್ಯನವರ ಮೇಜಿನ ಮೇಲೆ ಧಪ್ಪೆಂದು ಇಟ್ಟು, "ಒಡುದು ನೋಡಿ" ಎಂದ. ಜವಾನ ಸುತ್ತಿಗೆ ತಂದು ಬಾರಿಸಿದ. ಒಳಗಿನ ನಾರು ಬಿಗಿಹಿಡಿದಿತ್ತು, ಸುತ್ತಿಗೆ ಪುಟಿದು ಜವಾನನ ಮೊಣಕಾಲಿಗೆ ಬಿತ್ತು. ಅವನು ಅಯ್ಯಯ್ಯೋ ಎನ್ನುತ್ತ ಕುಂಟಿಕೊಂಡು ಹೋದ. "ಅಪ್ಪಟ ಸಿಮೆಂಟು" ಎಂದರು ನಾಗಲಿಂಗಯ್ಯ. "ನೀರಿಗೆ ಹಾಕಿ ನೋಡಿ" ಎಂದ ಕ್ಯಾತಪ್ಪ. ಬಕೀಟಿನಲ್ಲಿ ಮುಳುಗಿಸಿ ಊಟ ಮುಗಿಸಿ ಬಂದು ನೋಡಿದರು. ಹರಳೆಣ್ಣೆ ಕುಡಿದ ಇಟ್ಟಿಗೆ ಸ್ನಾನ ಮಾಡಿದ ಮಗುವಿನಂತೆ ಲಕಲಕ ಹೊಳೆಯುತ್ತಿತ್ತು. "ಇಂಪೋರ್ಟೆಡ್ ಸಿಮೆಂಟು" ಎಂದು ಗುಮಾಸ್ತರು ತೀರ್ಪು ಕೊಟ್ಟರು. ಹೀಗೆ ಕ್ಯಾತಪ್ಪನ ಕೆಲಸ ಚೆನ್ನಾದಷ್ಟೂ ಅವನ ಅಪರಾಧ ದೊಡ್ಡದಾಗುತ್ತ ಹೋಯಿತು. ಪೆದ್ದ ಕೆಲಸ ಮಾಡಿದ್ದರೆ ಅವನಿಗೆ ಅಂದೇ ಬಿಡುಗಡೆಯಾಗುತ್ತಿತ್ತು.

ಆಗ ಅವನಿಗೆ ಹೊಳೆಯಿತು. ಸಿಪ್ಪೆಯಾದರೆ ಉರಿಯಲೇಬೇಕು. ಸುತ್ತ ಛಾವಣಿಯವರೆಗೂ ಕಾಗದದ ಕಟ್ಟುಗಳಿದ್ದ ಆ ಕೋಣೆಯ ನಡುವೆ ನಿಂತು, "ಎಲ್ಲಿ, ಒಂದು ಬೆಂಕಿಪೊಟ್ಟಣ ಕೊಡಿ, ಈಗ್ಲೇ ಇತ್ಯರ್ಥ ಮಾಡ್ಬುಡ್ತೀನಿ" ಎಂದು ಕೂಗಿದ.

ಗುಮಾಸ್ತರು ಮೇಜಿನ ಕೆಳಗೆ ಹೋದರು. ಕುಂಟುತ್ತಿದ್ದ ಜವಾನ ಓಡಿದ. ನಾಗಲಿಂಗಯ್ಯನವರು ಕುರ್ಚಿಯನ್ನು ಅಡ್ಡ ಹಿಡಿದುಕೊಂಡು, "ಆಫೀಸಿಗೆ ಬೆಂಕಿ ಹಾಕ್ತೀಯಾ? ಆಫೀಸಿಗೆ?" ಎನ್ನುತ್ತ ಅವನನ್ನು ಬಾಗಿಲಿನವರೆಗೂ ತಳ್ಳಿಕೊಂಡು ಬಂದರು. ಇಟ್ಟಿಗೆ ಅಲ್ಲೇ ಉಳಿಯಿತು. ಮುಂದೆ ಅದನ್ನು ಅಲ್ಲಾಡುವ ಬೀರುವಿನ ಕಾಲಿನ ಕೆಳಗೆ ಇಟ್ಟರು ಎಂದು ಕೇಳಿದ್ದೇವೆ.

ಊರಿಗೆ ಬಂದು ಗೋಡೆಗೇ ಕೊಳ್ಳಿ ಹಿಡಿದು ತೋರಿಸುತ್ತೇನೆ ಎಂದು ಹೊರಟಾಗ ನಾಗಕ್ಕ ಅಡ್ಡ ನಿಂತಳು. "ಗೋಡೆ ಮ್ಯಾಗಳ ಸೂರಿನ ಗರಿ ಯಾರಪ್ಪಂದ್ಲಾ? ಬೆಂಕಿ ಹಿಡ್ಕಂಡು ನನ್ನ ಮನೆ ತಾವ ಬಂದ್ರೆ ನಿನ್ನ ಕೈ ಮುರೀತೀನಿ." ಕ್ಯಾತಪ್ಪ ಕೊಳ್ಳಿಯನ್ನು ನೆಲಕ್ಕೆ ಬಡಿದು ಆರಿಸಿದ.

ಕೆಲವು ದಿನ ಕಳೆದು ನಾಗಲಿಂಗಯ್ಯನವರ ಜೀಪು ಮತ್ತೆ ಬಂತು. ಗೋಡೆ ಅಳೆದು, ಪಂಚರ ಮುಂದೆ ಒಡೆಸಿ, ಸಿಮೆಂಟನ್ನು ಸರ್ಕಾರಕ್ಕೆ ಜಮಾ ಮಾಡಿಕೊಳ್ಳಬೇಕೆಂದು ಆಜ್ಞೆಯಾಗಿತ್ತು. ಗೋಡೆಯಿಂದ ಸಿಮೆಂಟನ್ನು ಹಿಂದಕ್ಕೆ ಹೇಗೆ ತೆಗೆಯುವುದು ಎಂದು ಆಜ್ಞೆ ಮಾಡಿದವರು ಯೋಚಿಸಿರಲಿಲ್ಲ. ಅದು ಅವರ ಕೆಲಸವೂ ಅಲ್ಲ. ಬೋರಯ್ಯನೇ ಪಂಚರಲ್ಲಿ ಮೊದಲಿಗ. ಅವನು ಮೀಸೆಯಡಿಯಲ್ಲಿ ನಗುತ್ತ ಟೇಪಿನ ತುದಿ ಹಿಡಿದ.

ಅದೇ ಹೊತ್ತಿಗೆ ಪಾವಗಡದ ಕಡೆಯ ಕದಿರಯ್ಯನ ಕುರಿಮಂದೆ ಆ ದಾರಿಯಾಗಿ ಬಂತು. ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ಕೂಡಿಸಲು ಅವನು ವರ್ಷವೂ ಬರುವವನು. ಹಾರೆ ಹೊಡೆದ ಗುಂಡಿಯಲ್ಲಿ ಎಣ್ಣೆಯ ಕಾವಲಿಲ್ಲದೆ, ನಡುವೆ ಬಿದ್ದ ಮಳೆಗೆ ಒಳಗಿನ ಇಟ್ಟಿಗೆಗಳೆಲ್ಲ ನೆನೆದು ಬೆವರಿದ್ದವು. ಮುಂದಿನ ಟಗರು ನಿಂತಿತು. ಮೂಸಿತು. ನಾಲಿಗೆ ಚಾಚಿ ಒಂದು ಸಲ ನೆಕ್ಕಿತು. ಆಮೇಲೆ ಇಡೀ ಮಂದೆಗೆ ಏನು ಹೇಳಿತೋ, ಎಲ್ಲ ಕುರಿಗಳೂ ಒಂದರ ಮೇಲೊಂದು ಬಿದ್ದು ಗೋಡೆಗೆ ಬಾಯಿ ಹಾಕಿದವು.

"ನೇನೇಮಿ ಚೇಸೇದಿ, ನಾನೇನು ಮಾಡ್ಲಿ ಸಾಮಿ" ಎಂದ ಕದಿರಯ್ಯ ತೆಲುಗು ಬೆರೆಸಿ, ಕೋಲು ಬೀಸಿ ಸುಸ್ತಾಗಿ. "ಉಪ್ಪು ವಾಸ್ನೆ ಬಿತ್ತಂದ್ರೆ ಗೊರ್ರೆಗಳು ನನ್ನ ಮಾತೂ ಕೇಳಲ್ಲ, ದೇವರ ಮಾತೂ ಕೇಳಲ್ಲ."

ಕ್ಯಾತಪ್ಪ ದೊಣ್ಣೆ ಎತ್ತಿಕೊಂಡು ಓಡಿದ. ತಾನು ಬೆವರು ಸುರಿಸಿ ಕಟ್ಟಿದ ಗೋಡೆ, ಅಕ್ಕನ ಗೋಡೆ. ಒಂದು ಕುರಿಯ ಬೆನ್ನಿಗೆ ಬಾರಿಸಲು ಕೈ ಮೇಲೆತ್ತಿದವನು ಹಾಗೇ ನಿಂತುಬಿಟ್ಟ. ಕುರಿಯ ಬಾಯಲ್ಲಿ ಕಡಲೆಕಾಯಿ ಸಿಪ್ಪೆ ಕಟುಕಟು ಎನ್ನುತ್ತಿತ್ತು. ನಾಗಲಿಂಗಯ್ಯನವರು ಅದನ್ನೇ ನೋಡುತ್ತಿದ್ದರು.

"ಹೊಡಿಯೋ, ಓಡ್ಸೋ, ನನ್ನ ಮನೆ ಹೋಯ್ತಲ್ಲೋ" ಎಂದು ನಾಗಕ್ಕ ಅಷ್ಟು ದೂರದಿಂದ ಓಡಿ ಬಂದಳು.

"ತಿನ್ಲಿ ಬುಡಕ್ಕ" ಎಂದ ಕ್ಯಾತಪ್ಪ. ಅವನ ದನಿ ಒಡೆದಿತ್ತು. "ಇವ್ರಿಗೆ ನಾನು ಹೇಳಿದ್ದು ಕೇಳಿಸ್ಲಿಲ್ಲ. ಕುರಿ ಹೇಳ್ಲಿ."

ನಾಗಕ್ಕ ಅವನ ಬೆನ್ನಿಗೆ ಎರಡು ಗುದ್ದು ಗುದ್ದಿದಳು. ಅವನು ಅಲ್ಲಾಡಲಿಲ್ಲ, ದೊಣ್ಣೆಯನ್ನೂ ಎತ್ತಲಿಲ್ಲ. ಕುರಿಗಳು ತಮ್ಮ ಸಾಕ್ಷಿಯನ್ನು ಸಾವಕಾಶವಾಗಿ ನುಡಿದವು. ಅವು ಗೋಡೆಯಿಂದ ಬಾಯಿ ತೆಗೆಯುವ ಹೊತ್ತಿಗೆ ಅದರಲ್ಲಿ ಒಬ್ಬರು ಬಗ್ಗಿ ಹೋಗುವಷ್ಟು ತೂತು ಬಿದ್ದಿತ್ತು.

ನಾಗಲಿಂಗಯ್ಯನವರು ಗಂಟಲು ಸರಿಮಾಡಿಕೊಂಡರು. "ಕುರಿ ಸಿಮೆಂಟು ತಿನ್ನೋದಿಲ್ಲ ಅಂತ ಯಾವ ರೂಲ್ಸಿನಲ್ಲೂ ಇಲ್ಲ."

ಬೋರಯ್ಯ ಟೇಪಿನ ತುದಿಯನ್ನು ಕೆಳಗೆ ಬಿಟ್ಟ. ತೂತಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಅಗಿದ. ಅವನ ಮುಖ ಕೆಂಪಾಯಿತು. "ಗಂಜಿ ಕಣಯ್ಯಾ ಇದು. ಅಪ್ಪಟ ಗಂಜಿ" ಎಂದು ಕ್ಯಾತಪ್ಪನ ಕಡೆ ತಿರುಗಿದ. "ಇದನ್ನ ಅವತ್ತೇ ಬೊಗಳೋಕೆ ಏನಾಗಿತ್ತು ನಿಂಗೆ? ಬಸ್ ಚಾರ್ಜು ಕೊಟ್ಟು ಹೋಗಿ ನಿನ್ನ ಮ್ಯಾಲೆ ಕಂಪ್ಲೇಂಟು ಬರ್ಸಿ ಬಂದೆನಲ್ಲೋ."

"ಮಹಜರಿನಲ್ಲಿ ಬರಕೊಳ್ತೀನಿ" ಎಂದರು ನಾಗಲಿಂಗಯ್ಯ. ಸೋತದ್ದು ಗೊತ್ತಾಗದ ಹಾಗೆ ಹೇಳುವುದು ಅವರಿಗೆ ಅಭ್ಯಾಸವಿತ್ತು. "ಸಿಮೆಂಟು ಅಲ್ಲ ಅಂತ ಮೇಲಕ್ಕೆ ರಿಪೋರ್ಟು ಹೋಗುತ್ತೆ. ಮೇಲಿಂದ ಹುಕುಂ ಬಂದ ಮೇಲೆ ಸೀಲು ತೆಗೀತೀವಿ. ಅಲ್ಲೀವರೆಗೂ ಬಾಗಿಲು ಯಾರೂ ಮುಟ್ಟಕೂಡದು."

"ಎಷ್ಟು ದಿನ ಆಗ್ತದೆ?" ಎಂದು ನಾಗಕ್ಕ ಕೇಳಿದಳು.

"ಅದೆಲ್ಲ ಹೇಳೋಕಾಗಲ್ಲಮ್ಮ. ಎರಡು ತಿಂಗಳೂ ಆಗಬಹುದು, ಆರು ತಿಂಗಳೂ ಆಗಬಹುದು. ಸರ್ಕಾರದ ಕೆಲಸ."

ನಾಗಕ್ಕ ಅವರನ್ನು ಒಂದು ಗಳಿಗೆ ನೋಡಿದಳು. ತಮ್ಮನನ್ನೂ ನೋಡಿದಳು. ತಮ್ಮನ ಮನೆಗೆ ಹೋಗಿ ಮಡಕೆಗಳನ್ನು ಹೊತ್ತು ತಂದಳು. ಗೌರಕ್ಕ ಹಿಂದೆಯೇ ಸೌದೆಯ ಹೊರೆಯನ್ನೂ ಒಂದು ಹಿಡಿ ಕೆಂಡವನ್ನೂ ತಂದಳು. ಎಲ್ಲರೂ ನೋಡುತ್ತಿದ್ದ ಹಾಗೇ ನಾಗಕ್ಕ ಸೆರಗು ಬಿಗಿದು, ಬಗ್ಗಿ, ಕುರಿ ಮೆಯ್ದ ತೂತಿನೊಳಗೆ ತೂರಿಕೊಂಡು ತನ್ನ ಮನೆ ಸೇರಿದಳು. ಗೌರಕ್ಕ ಹೊರಗಿನಿಂದ ಒಂದೊಂದೇ ಮಡಕೆ ಕೊಟ್ಟಳು.

"ಏಯ್, ಸೀಲು ಹಾಕಿರೋ ಮನೆಯಮ್ಮಾ ಅದು" ಎಂದು ನಾಗಲಿಂಗಯ್ಯನವರು ತೂತಿನ ಮುಂದೆ ಬಗ್ಗಿ ಕೂಗಿದರು.

"ಸೀಲು ಬಾಗ್ಲಲ್ಲಿ ಐತೆ, ಹೋಗಿ ನೋಡ್ಕಳಿ. ನಾನದನ್ನ ಮುಟ್ಟಿಲ್ಲ" ಎಂದು ಒಳಗಿನಿಂದ ಉತ್ತರ ಬಂತು.

ಅವರು ಸುತ್ತಿ ಬಂದು ಮುಂಬಾಗಿಲು ನೋಡಿದರು. ಅರಗು ಒಡೆದಿರಲಿಲ್ಲ. ಬೀಗ ಬೀಗದ ಹಾಗೇ ಇತ್ತು. ಗೋಡೆಯ ತೂತಿನಿಂದ ತನ್ನ ಮನೆಗೆ ತಾನೇ ಹೋದ ಹೆಂಗಸನ್ನು ಯಾವ ಕಲಮಿನಲ್ಲಿ ಹಿಡಿಯುವುದೆಂದು ತಿಳಿಯದೆ ಮತ್ತೆ ಹಿಂದಕ್ಕೆ ಬಂದರು. ಒಳಗೆ ಒಲೆ ಹತ್ತಿತ್ತು. ಹೊಗೆ ತೂತಿನಿಂದಲೇ ಹೊರಬಂದು ನೇರವಾಗಿ ಅವರ ಮುಖಕ್ಕೆ ಹೊಡೆಯಿತು. ಅವರು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಜೀಪು ಹತ್ತಿದರು.

ಕ್ಯಾತಪ್ಪ ಹೆದರಿಕೊಂಡೇ ಬಗ್ಗಿ ಒಳಗೆ ಇಣುಕಿದ. ನಾಗಕ್ಕ ಒಲೆಯ ಮುಂದೆ ಒಬ್ಬಳೇ ಕುಳಿತು ಅಂಬಲಿ ತಿರುವುತ್ತಿದ್ದಳು. ಅವಳು ಅವನ ಕಡೆ ತಿರುಗಲಿಲ್ಲ.

"ಬೆಳಕಿಗೆ ಅಡ್ಡ ನಿಂತ್ಕಬ್ಯಾಡ, ಅತ್ಲಾಗೆ ಹೋಗ್ಲಾ" ಎಂದಳು. "ನನ್ನ ಮನೆ ಇದು."